ತೊಳೆಯುವವನ ಕಣ್ಣಿಗೆ ಬಿದ್ದ ಹರಕು



ಬೇಲೂರಿನಿಂದ 16 ಕಿಲೋಮೀಟರ್ ದೂರದ ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಗೋಡೆಗಳನ್ನು ಸುತ್ತಿ ನೋಡಿ, ಬಸ್ತಿಹಳ್ಳಿಯ ಬಸದಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳಲ್ಲಿ ತಮ್ಮ ಮುಖವನ್ನೂ ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಆದರೆ ಕಳೆದ ಸಲ ನಾನು ಅಲ್ಲಿಗೆ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ತಗಡಿನ ಫಲಕ. ಊರಿನ ಅಂಚಿನಲ್ಲಿ, ಶಾಮಿಯಾನದ ಕಂಬಗಳನ್ನೂ ಪ್ಲಾಸ್ಟಿಕ್ ಕುರ್ಚಿಗಳನ್ನೂ ಪೇರಿಸಿಟ್ಟಿದ್ದ ಶೆಡ್ಡಿನ ಮುಂದೆ ಅದು ನಿಂತಿತ್ತು. ‘ಜಮಖಾನೆ, ಕಾರ್ಪೆಟ್, ಸೋಫಾ ತೊಳೆದು ಕೊಡಲಾಗುವುದು’ ಎಂಬ ಬರಹ ನೀಲಿ ಬಣ್ಣದಲ್ಲಿತ್ತು. ಅದರ ಕೆಳಗೆ ‘ಎಳೆದು ಕೂರಿಸುವುದು, ಸಣ್ಣಪುಟ್ಟ ರಿಪೇರಿ’ ಎಂದು ಸೀಮೆಸುಣ್ಣದಿಂದ ಗೀಚಿ, ಬಣ್ಣ ತುಂಬದೆ ಬಿಟ್ಟಿದ್ದರು.

ಶೆಡ್ಡಿನ ಯುವಕ ನನಗೆ ಅಪರಿಚಿತನೇನೂ ಅಲ್ಲ. ನಮ್ಮ ಹಬ್ಬಗಳಿಗೆ ಶಾಮಿಯಾನ ಹಾಕುತ್ತಿದ್ದವರ ಮಗ. ಎಂಟು ವರ್ಷ ಬೆಂಗಳೂರಿನಲ್ಲಿ, ಹೋಟೆಲುಗಳ ಮತ್ತು ಕಚೇರಿಗಳ ಕಾರ್ಪೆಟ್ಟುಗಳನ್ನು ಯಂತ್ರದಿಂದ ತೊಳೆಯುವ ಒಂದು ಸಂಸ್ಥೆಯಲ್ಲಿ ದುಡಿದು, 2020ರ ಲಾಕ್‌ಡೌನಿನಲ್ಲಿ ಊರಿಗೆ ಮರಳಿದವನು. ಮರಳಿದವನು ಒಂದು ಹಳೆಯ ಯಂತ್ರ ಕೊಂಡು, ಅಪ್ಪನ ಜಮಖಾನೆಗಳನ್ನು ತೊಳೆಯುವುದರಿಂದ ಆರಂಭಿಸಿ, ಈಗ ಮದುವೆ ಛತ್ರ, ಹೋಂಸ್ಟೇಗಳವರೆಗೆ ಹೋಗುತ್ತಾನೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ತನ್ನ ಕೆಲಸವೂ ಹೆಚ್ಚಾಗಬಹುದೆಂಬ ನಿರೀಕ್ಷೆ ಅವನದು.

“ಎರಡನೇ ಸಾಲಿಗೆ ಬಣ್ಣ ಯಾಕಪ್ಪಾ ಹಾಕಿಲ್ಲ?” ಎಂದು ಕೇಳಿದೆ.

“ಹಾಕಬೇಕೋ ಬೇಡವೋ ಗೊತ್ತಾಗ್ತಿಲ್ಲ ಫಾದರ್. ಸಿಟಿಯಲ್ಲಿ ನಮಗೆ ಒಂದು ಪಾಠ ಹೇಳಿಕೊಟ್ಟಿದ್ರು. ಕಾರ್ಪೆಟ್ಟು ಒದ್ದೆಯಾಗಿರುವಾಗಲೇ ಮನೆಯವರನ್ನ ಕರೆದು ಅಲೆ ತೋರಿಸಬೇಕಂತೆ. ಒಣಗಿದ ಮೇಲೆ ತೋರಿಸಲಿಕ್ಕೆ ಏನೂ ಇರೋದಿಲ್ಲವಲ್ಲ.”

ಈ ಮಾತು ಅರ್ಥವಾಗಬೇಕಾದರೆ ಕೆಲಸದ ಒಳಗುಟ್ಟನ್ನು ತುಸು ತಿಳಿಯಬೇಕು. ನಮ್ಮ ಜಮಖಾನೆಯನ್ನು ಹಾಸುತ್ತೇವೆ, ಮಡಚುತ್ತೇವೆ. ಆದರೆ ದೊಡ್ಡ ಹೋಟೆಲುಗಳಲ್ಲಿ, ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಕಾರ್ಪೆಟ್ ಗೋಡೆಯಿಂದ ಗೋಡೆಗೆ ಕೂತಿರುತ್ತದೆ. ಗೋಡೆಯ ಬುಡದುದ್ದಕ್ಕೂ ತೆಳುವಾದ ಮರದ ಪಟ್ಟಿಗಳಿದ್ದು, ಅವುಗಳಿಂದ ಓರೆಯಾದ ಸಣ್ಣ ಮೊಳೆಗಳು ಮೇಲೆದ್ದಿರುತ್ತವೆ. ಮದ್ದಳೆಯ ಚರ್ಮವನ್ನು ಬಿಗಿಯುವಂತೆ ಕಾರ್ಪೆಟ್ಟನ್ನು ಎಳೆದು ಆ ಮೊಳೆಗಳಿಗೆ ಸಿಕ್ಕಿಸುತ್ತಾರೆ. ವರ್ಷಗಳು ಕಳೆದಂತೆ, ಭಾರವಾದ ಕುರ್ಚಿ ಮೇಜುಗಳನ್ನು ಎಳೆದಾಡಿದಂತೆ, ಪದರಗಳ ನಡುವಣ ಅಂಟು ಸೊರಗಿದಂತೆ ಬಿಗಿ ಸಡಿಲಿ ಅಲೆಗಳೇಳುತ್ತವೆ. ಆಗ ಅದನ್ನು ಮತ್ತೆ ಎಳೆದು, ಮಿಕ್ಕಿದ್ದನ್ನು ಕತ್ತರಿಸಿ, ಅಂಚನ್ನು ಒಳಗೆ ತುರುಕಬೇಕು. ಇದು ನಿಜವಾದ ರಿಪೇರಿ. ಆದರೆ ತೊಳೆದಾಗ ನೀರು ಕುಡಿದ ಕಾರ್ಪೆಟ್ ತಾನಾಗಿಯೂ ಉಬ್ಬುವುದುಂಟು. ಆ ಅಲೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ, ಒಣಗುತ್ತಿದ್ದಂತೆ ತಾನೇ ಇಳಿದುಹೋಗುತ್ತದೆ. ಎರಡೂ ಅಲೆಗಳು ನೋಡಲು ಒಂದೇ. ವ್ಯತ್ಯಾಸ ಗೊತ್ತಿರುವುದು ತೊಳೆಯುವವನಿಗೆ ಮಾತ್ರ.

“ಎರಡನೇ ಸಾಲು ಬರೆಸಿದರೆ ನನ್ನ ಕಣ್ಣೇ ಕೆಡುತ್ತೇನೋ ಅಂತ ಭಯ. ಹರಿದಿದ್ದು ಕಂಡ ಕಡೆಯೆಲ್ಲ ದುಡ್ಡು ಕಾಣಿಸುತ್ತೆ. ಬರೀ ತೊಳೆದುಕೊಂಡಿದ್ದರೆ ಆ ರಗಳೆ ಇಲ್ಲ,” ಎಂದು ಅವನು ಹೇಳಿದ.

ಓದುಗರೇ, ಇದು ಒಬ್ಬ ಕಾರ್ಪೆಟ್ ತೊಳೆಯುವವನ ಸಮಸ್ಯೆ ಎಂದು ಪುಟ ತಿರುವಬೇಡಿ. ಸ್ಕೂಟರಿನ ಆಯಿಲ್ ಬದಲಿಸುವ ಮೆಕ್ಯಾನಿಕ್ಕು ಬ್ರೇಕು ಸವೆದಿದೆ ಎನ್ನುತ್ತಾನೆ. ಹಲ್ಲು ಶುಚಿಗೊಳಿಸುವ ವೈದ್ಯರು ಇನ್ನೊಂದು ಹಲ್ಲಿನಲ್ಲಿ ಹುಳುಕು ಕಾಣುತ್ತಾರೆ. ದೋಷ ಕಂಡು ಹೇಳುವವನೂ ಅವನೇ, ಅದರ ಸಂಬಳ ಪಡೆಯುವವನೂ ಅವನೇ. ನೀವೂ ನಾನೂ ಆ ಕ್ಷಣದಲ್ಲಿ ಅವನ ಮುಖವನ್ನೇ ನೋಡುತ್ತಾ, ಇವನು ನಿಜ ಹೇಳುತ್ತಿದ್ದಾನೆಯೇ ಎಂದು ಅಳೆಯುತ್ತೇವೆ.

ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರು ವ್ಯಾಪಾರದ ಮೋಸವನ್ನು ಕುರಿತು ಎತ್ತಿದ ಒಂದು ಪ್ರಶ್ನೆ ನಮಗೆಲ್ಲ ಬಹಳ ಇಷ್ಟವಾಗಿತ್ತು. ಮಾರುವವನು ತನ್ನ ಸರಕಿನ ದೋಷವನ್ನು ತಾನಾಗಿಯೇ ಹೇಳಬೇಕೇ? ಕುದುರೆಗೆ ಒಂದೇ ಕಣ್ಣಿದ್ದರೆ ಕೊಳ್ಳುವವನಿಗೇ ಕಾಣುತ್ತದೆ. ಬೆಲೆ ಇಳಿಸಿದರೆ ಸಾಕು, ಸಾರಿ ಹೇಳಬೇಕಾಗಿಲ್ಲ. ಆದರೆ ದೋಷ ಕಣ್ಣಿಗೆ ಕಾಣದ್ದಾಗಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಹೇಳಲೇಬೇಕು. 13ನೆಯ ಶತಮಾನದ ಈ ವಿವೇಚನೆ ಇಂದಿನ ಸಂತೆಗೂ ಸಲ್ಲುತ್ತದೆ. ಆದರೆ ನಮ್ಮ ಯುವಕನ ವಿಷಯದಲ್ಲಿ ಅದು ತಲೆಕೆಳಗಾಗಿದೆ. ಸರಕು ಅವನದಲ್ಲ, ಮನೆಯವರದು. ಆದರೂ ದೋಷ ಕಂಡದ್ದು ಅವನಿಗೆ. ಬಚ್ಚಿಟ್ಟರೆ ಅವನಿಗೆ ಲಾಭವಿಲ್ಲ. ಹೇಳಿದರೆ, ಸುಳ್ಳು ಹೇಳಿದರೂ, ಲಾಭವಿದೆ.

ಹಾಗಾದರೆ ತೊಳೆಯುವವನು ಬರೀ ತೊಳೆಯಲಿ, ಹೊಲಿಯುವವನು ಬೇರೆಯೇ ಇರಲಿ ಎನ್ನಬಹುದು. 12ನೆಯ ಶತಮಾನದ ಶರಣರಲ್ಲಿ ಹಾಗೆಯೇ ಇತ್ತಲ್ಲವೇ? ಬಟ್ಟೆ ಮಡಿಮಾಡುವುದು ಮಡಿವಾಳ ಮಾಚಿದೇವರ ಕಾಯಕವಾದರೆ, ಸೂಜಿ ಹಿಡಿದದ್ದು ಸೂಜಿಕಾಯಕದ ರಾಮಿತಂದೆಯವರು. ಒಬ್ಬರ ಕಾಯಕಕ್ಕೆ ಇನ್ನೊಬ್ಬರು ಕೈ ಹಾಕದಿದ್ದರೆ ಒಬ್ಬರ ಅನ್ನವನ್ನು ಇನ್ನೊಬ್ಬರು ಕಸಿಯುವ ಪ್ರಶ್ನೆಯೂ ಏಳದು. ಈ ವಾದ ನನಗೆ ಮೊದಲು ಬಹಳ ಹಿಡಿಸಿತ್ತು. ಯುವಕನೇ ಅದನ್ನು ಕೆಡವಿದ. ಅಂಚು ಬಿಚ್ಚಿಕೊಂಡ ಜಮಖಾನೆಯನ್ನು ಹಾಗೆಯೇ ನೀರಿಗೆ ಹಾಕಿ ಉಜ್ಜಿದರೆ ಬಿಚ್ಚಿದ್ದು ಮತ್ತಷ್ಟು ಬಿಚ್ಚುತ್ತದೆ. ಕುಣಿಕೆ ನೂಲಿನ ಕಾರ್ಪೆಟ್ಟಿನಲ್ಲಿ ಒಂದು ಎಳೆ ಮೇಲೆದ್ದಿದ್ದರೆ ಯಂತ್ರ ಅದನ್ನು ಹಿಡಿದೆಳೆದು ಒಂದು ಸಾಲನ್ನೇ ಕೀಳಬಹುದು. ಅದನ್ನು ಎಳೆಯದೆ, ಮಟ್ಟಕ್ಕೆ ಕತ್ತರಿಸಿಯೇ ಮುಂದುವರಿಯಬೇಕು. ಅಂದರೆ ಹಾನಿ ಮಾಡದೆ ತೊಳೆಯಬೇಕಾದರೆ ಸ್ವಲ್ಪವಾದರೂ ಹೊಲಿಯಲು ಬರಬೇಕು. ಹೊಲಿಯುವವನಿಗೂ ತೊಳೆಯುವ ಜ್ಞಾನ ಬೇಕು. ಹಳೆಯ ಬಟ್ಟೆಗೆ ನೀರು ಕಾಣದ ಹೊಸ ತೇಪೆ ಹಾಕಿದರೆ ತೇಪೆ ಕುಗ್ಗಿ ಹರಕು ಹಿರಿದಾಗುವುದೆಂದು ಪ್ರಭು ಯೇಸು ಹೇಳಿದ್ದನ್ನು ಬಲ್ಲಿರಿ. ನಜರೇತಿನ ಮನೆಯಲ್ಲಿ ಬಟ್ಟೆ ಒಗೆದು ತೇಪೆ ಹಾಕುವುದನ್ನು ಕಂಡವರ ಮಾತಿದು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಶುಭಸಂದೇಶಗಳಲ್ಲಿ ಇನ್ನೊಂದು ಸಣ್ಣ ವಿವರವಿದೆ. ಗೆನಸರೇತ್ ಸರೋವರದ ದಡದಲ್ಲಿ ಬೆಸ್ತರು ಬಲೆಗಳನ್ನು ತೊಳೆಯುತ್ತಿದ್ದರೆಂದು ಸಂತ ಲೂಕರು ಬರೆಯುತ್ತಾರೆ. ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಪಡಿಸುತ್ತಿದ್ದರೆಂದು ಸಂತ ಮಾರ್ಕರೂ ಸಂತ ಮತ್ತಾಯರೂ ಬರೆಯುತ್ತಾರೆ. ಅದೇ ದಡ, ಅದೇ ವೃತ್ತಿ. ಬಲೆ ತೊಳೆಯುವವನ ಬೆರಳಿಗೇ ಹರಕು ಮೊದಲು ಸಿಗುವುದು. ಸರಿಪಡಿಸುವುದಕ್ಕೆ ಮಾರ್ಕರು ಬಳಸಿದ ಗ್ರೀಕ್ ಕ್ರಿಯಾಪದ ಕತಾರ್ತಿಝೊ. ಸಂತ ಪೌಲರು ಗಲಾತ್ಯರಿಗೆ ಬರೆಯುವಾಗ, ತಪ್ಪಿನಲ್ಲಿ ಸಿಕ್ಕಿಬಿದ್ದ ಸಹೋದರನನ್ನು ಸೌಮ್ಯತೆಯಿಂದ ಸರಿಪಡಿಸಬೇಕೆನ್ನುವಲ್ಲಿಯೂ ಅದೇ ಪದವಿದೆ. ಪೌಲರು ಸ್ವತಃ ಗುಡಾರ ಮಾಡಿ ಬದುಕಿದವರು. ಹೊಲಿಗೆಯ ನೋವು ಬೆರಳಿಗೆ ಗೊತ್ತಿದ್ದವರು.

ಇಷ್ಟೆಲ್ಲ ಪಾಂಡಿತ್ಯ ನನಗಿದ್ದೂ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಯುವಕನ ಪ್ರಶ್ನೆ ನನ್ನನ್ನು ಅಷ್ಟೊಂದು ಕಾಡಿದ್ದು ಅದರಿಂದಲೇ.

ಹಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಪಾಲಕ ಸಂತರ ಹಬ್ಬ. ಮುಖ್ಯ ಬಾಗಿಲಿನಿಂದ ಬಲಿಪೀಠದವರೆಗೆ ಹಾಸಿದ್ದ ಕೆಂಪು ಕಾರ್ಪೆಟ್ ಧೂಳು ಹಿಡಿದು ಕಂದಾಗಿತ್ತು. ಹೊರಗಿನಿಂದ ಇಬ್ಬರನ್ನು ಕರೆಸಿ ತೊಳೆಸಿದೆ. ಮರುದಿನ ಅದು ಒಣಗಿದ ಮೇಲೆ, ಅವರಲ್ಲಿ ಹಿರಿಯ ವ್ಯಕ್ತಿ ದುಡ್ಡು ತೆಗೆದುಕೊಳ್ಳಲು ಬಂದವರು ನನ್ನನ್ನು ಮೂರನೆಯ ಬೆಂಚಿನ ಬಳಿಗೆ ಕರೆದೊಯ್ದರು. “ಸ್ವಾಮಿ, ಇಲ್ಲಿ ಎದ್ದು ನಿಂತಿದೆ. ಎಳೆದು ಕೂರಿಸಿ, ಈ ಜೋಡಣೆಗೆ ಒಂದು ಹೊಲಿಗೆ ಹಾಕಬೇಕು. ಅರ್ಧ ದಿನದ ಕೆಲಸ,” ಎಂದು ಎಂಟುನೂರು ರೂಪಾಯಿ ಹೇಳಿದರು. ನನ್ನ ಮನಸ್ಸಿನಲ್ಲಿ ತಟ್ಟನೆ ಮೂಡಿದ್ದು ಒಂದೇ ಯೋಚನೆ: ತೊಳೆಯಲು ಕರೆದರೆ ಇನ್ನೇನನ್ನೋ ತೋರಿಸಿ ಕೀಳುತ್ತಾರಲ್ಲ! ಹಿಂದೊಮ್ಮೆ ಹಾಗೆ ಮೋಸಹೋಗಿದ್ದೆ. “ಹಬ್ಬ ಮುಗಿಯಲಿ, ನೋಡೋಣ,” ಎಂದೆ. ಅವರು ಮರುಮಾತಾಡಲಿಲ್ಲ. ಕಾಲಿನಿಂದ ಆ ಉಬ್ಬನ್ನು ಒಮ್ಮೆ ಒತ್ತಿ ನೋಡಿ ಹೊರಟುಹೋದರು.

ಹಬ್ಬದ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಸಾಲು ಬರುತ್ತಿತ್ತು. ಎಪ್ಪತ್ತು ದಾಟಿದ ಒಬ್ಬ ಅಜ್ಜಿಯ ಕಾಲು ಅಲ್ಲಿಯೇ, ಮೂರನೆಯ ಬೆಂಚಿನ ಬಳಿ ತಡೆಯಿತು. ತೊಡೆಯ ಮೂಳೆ ಮುರಿಯಿತು. ನಾನು ಪಾತ್ರೆ ಹಿಡಿದು ನಿಂತಲ್ಲಿಂದಲೇ ಅದನ್ನು ನೋಡಿದೆ. ಸಂಜೆ ಆಸ್ಪತ್ರೆಗೆ ಹೋದಾಗ ಅವರು ಹೇಳಿದ ಮೊದಲ ಮಾತು: “ಹಬ್ಬಕ್ಕೆ ಕಾರ್ಪೆಟ್ ಎಷ್ಟು ಚೆನ್ನಾಗಿ ತೊಳೆಸಿದ್ರಿ ಸ್ವಾಮಿ.”

ಅಂದು ನನಗೆ ಬಾಯಿ ಬರಲಿಲ್ಲ. ಮೂರು ತಿಂಗಳ ನಂತರ, ಅವರು ಊರುಗೋಲು ಹಿಡಿದು ಜಗಲಿಗೆ ಬರುವಂತಾದಾಗ, ನನಗೆ ಗೊತ್ತಿತ್ತೆಂಬುದನ್ನು ಹೇಳಿ ಕ್ಷಮೆ ಕೇಳಿದೆ. ಅಜ್ಜಿ ನಕ್ಕರು. “ನನಗೂ ಗೊತ್ತಿತ್ತು. ಎರಡು ತಿಂಗಳಿಂದ ಅದನ್ನ ದಾಟಿಕೊಂಡೇ ಹೋಗ್ತಿದ್ದೆ. ಅವತ್ತು ಜನ ಜಾಸ್ತಿ, ನೆಲ ಕಾಣಿಸಲಿಲ್ಲ.” ಅವರ ಔದಾರ್ಯ ನನ್ನ ಹೊರೆಯನ್ನು ಇಳಿಸಲಿಲ್ಲ, ಇಳಿಸಬೇಕೆಂದು ನಾನು ಬಯಸುವುದೂ ಇಲ್ಲ. ಅವರು ಕಡೆಯವರೆಗೂ ಊರುಗೋಲಿಲ್ಲದೆ ನಡೆಯಲಾಗಲಿಲ್ಲ.

ಎಂಟುನೂರು ರೂಪಾಯಿಯ ಜಿಪುಣತನ ನನ್ನ ತಪ್ಪಿನ ಸಣ್ಣ ಭಾಗ. ದೊಡ್ಡ ಭಾಗವೆಂದರೆ ಒಬ್ಬ ಪ್ರಾಮಾಣಿಕ ಕೆಲಸಗಾರನ ಮಾತನ್ನು ನಾನು ನಂಬದೆ ಹೋದದ್ದು. ನನ್ನ ಅಪನಂಬಿಕೆಯಾದರೂ ಎಲ್ಲಿಂದ ಬಂತು? ಎಲ್ಲೋ ಯಾರೋ ಒದ್ದೆ ಕಾರ್ಪೆಟ್ಟಿನ ಅಲೆಯನ್ನು ತೋರಿಸಿ ಹಣ ಕಿತ್ತಿದ್ದರಿಂದ. ಸುಳ್ಳು ಅಲೆ ತೋರಿಸಿದವನು ಒಂದು ಮನೆಯವರಿಂದ ಕೆಲವು ನೂರು ರೂಪಾಯಿಗಳನ್ನಷ್ಟೇ ಕದ್ದಿರುವುದಿಲ್ಲ. ಮುಂದೆ ನಿಜವಾದ ಅಲೆಯನ್ನು ಕಂಡು ಎಚ್ಚರಿಸುವವನ ಮಾತಿನ ಬೆಲೆಯನ್ನೂ ಕದ್ದಿರುತ್ತಾನೆ. ಆ ಎರಡನೆಯ ಕಳ್ಳತನದ ಲೆಕ್ಕ ಅವನಿಗೆ ಎಂದೂ ಸಿಗುವುದಿಲ್ಲ, ಏಕೆಂದರೆ ಅದರ ಬಾಕಿ ತೀರಿಸುವವರು ಅವನು ಕಾಣದ ಯಾವುದೋ ಊರಿನ ಅಜ್ಜಿ. ನೀತಿಶಾಸ್ತ್ರದ ಪುಸ್ತಕಗಳಲ್ಲಿ ನಷ್ಟಭರ್ತಿಯ ಅಧ್ಯಾಯವನ್ನು ನಾನು ಹಲವು ಸಲ ಓದಿದ್ದೇನೆ. ಈ ನಷ್ಟವನ್ನು ಭರ್ತಿ ಮಾಡುವುದು ಹೇಗೆಂದು ನನಗೆ ಅಲ್ಲಿ ಸಿಕ್ಕಿಲ್ಲ.

ಆದ್ದರಿಂದ ‘ಬರೀ ತೊಳೆದುಕೊಂಡಿದ್ದರೆ ರಗಳೆಯಿಲ್ಲ’ ಎಂಬ ಯುವಕನ ಮಾತಿಗೆ ನಾನು ಒಪ್ಪಲಿಲ್ಲ. ಕಂಡದ್ದನ್ನು ಹೇಳದಿರುವುದು ಅವನ ಮನಸ್ಸಿನ ನೆಮ್ಮದಿಗೆ ಒಳ್ಳೆಯದಿರಬಹುದು, ಮನೆಯವರ ಮೊಣಕಾಲಿಗೆ ಅಲ್ಲ. ಇಲ್ಲಿ ‘ಸಣ್ಣಪುಟ್ಟ’ ಎಂಬ ಮಾತನ್ನೂ ಗಮನಿಸಬೇಕು. ದೊಡ್ಡ ಅಂಗಡಿಯವರಿಗೆ ಒಂದು ಗೇಣು ಹೊಲಿಗೆಗಾಗಿ ಹಳೇಬೀಡಿಗೆ ಬರುವುದು ಕಟ್ಟುವುದಿಲ್ಲ. ಸಣ್ಣ ಹರಕನ್ನು ಹೊಲಿಯುವವರು ಸಿಗದೆ ಎಷ್ಟು ಗಟ್ಟಿ ಜಮಖಾನೆಗಳು ಅಟ್ಟಕ್ಕೂ ಅಲ್ಲಿಂದ ತಿಪ್ಪೆಗೂ ಹೋಗಿವೆ ಎಂಬುದನ್ನು ನಿಮ್ಮ ಮನೆಯಲ್ಲಿಯೇ ಎಣಿಸಿ ನೋಡಿ.

ಆದರೆ ಸಣ್ಣದು ಎಲ್ಲಿ ಮುಗಿಯುತ್ತದೆ? ಒಬ್ಬರು ಅವನಲ್ಲಿಗೆ ಅಜ್ಜಿಯ ಕಾಲದ ನವಲಗುಂದದ ಜಮಖಾನೆ ತಂದಿದ್ದರಂತೆ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಣ್ಣುಮಕ್ಕಳು ಮನೆಯ ಮಗ್ಗಗಳಲ್ಲಿ ಕುಳಿತು ಹತ್ತಿಯ ನೂಲಿನಿಂದ ನವಿಲನ್ನೂ ಪಗಡೆಯ ಹಾಸನ್ನೂ ನೇಯುತ್ತ ಬಂದಿದ್ದಾರೆ. ಆ ನೇಯ್ಗೆಗೆ ಜಿಐ ಮಾನ್ಯತೆಯೂ ಇದೆ. ಹಾಸುನೂಲು ಕಾಣದಂತೆ ಹೊಕ್ಕುನೂಲನ್ನು ಬಡಿದು ಕೂರಿಸಿದ ಆ ಬಟ್ಟೆಯಲ್ಲಿ ಅಂಗೈಯಗಲ ತೂತಾಗಿತ್ತು. ಅವನು ಅಂಚನ್ನು ಮಾತ್ರ ಬಿಗಿದು, ಬಿಚ್ಚುವುದು ನಿಲ್ಲುವಂತೆ ಮಾಡಿ, “ತೂತು ನನ್ನ ಕೈಲಾಗೋದಿಲ್ಲ, ನೇಯೋರ ಹತ್ತಿರವೇ ಹೋಗಿ” ಎಂದು ಹಿಂದಿರುಗಿಸಿದ. ಅವನ ಶೆಡ್ಡಿನಿಂದ ಕೂಗಳತೆಯಲ್ಲಿರುವ ದೇವಾಲಯದಲ್ಲಿಯೂ ಇದೇ ಪಾಠವಿದೆ. ಮುಕ್ಕಾದ ಎಷ್ಟೋ ವಿಗ್ರಹಗಳ ಕೈಗಳು ಮುಕ್ಕಾಗಿಯೇ ಇವೆ. ಪುರಾತತ್ತ್ವ ಇಲಾಖೆಗಾಗಿ ಜಾನ್ ಮಾರ್ಷಲ್ 1923ರಲ್ಲಿ ಹೊರತಂದ ಸಂರಕ್ಷಣಾ ಕೈಪಿಡಿಯ ನಿಲುವೂ ಅದೇ: ಹೋದದ್ದನ್ನು ಹೊಸದಾಗಿ ಕಡೆದು ಸೇರಿಸುವುದಕ್ಕಿಂತ ಉಳಿದದ್ದನ್ನು ಕಾಯುವುದು ಮೇಲು. ಬಳಪದ ಕಲ್ಲಿಗೂ ಹತ್ತಿಯ ನೂಲಿಗೂ ಈ ವಿಷಯದಲ್ಲಿ ಭೇದವಿಲ್ಲ.

ಇನ್ನು ಸಂಬಳದ ಮಾತು. ರಿಪೇರಿ ಸಣ್ಣದಾದರೆ ಕೂಲಿಯೂ ಸಣ್ಣದಿರಬೇಕೆಂದು ನಾವು ಭಾವಿಸುತ್ತೇವೆ. “ತೊಳೆಯುವುದರ ಜೊತೆಗೆ ಅದನ್ನೂ ಮಾಡಿಬಿಡಪ್ಪಾ” ಎಂದು ಪುಕ್ಕಟೆ ಕೇಳುವವರೂ ಉಂಟು. ಕಾರ್ಪೆಟ್ ಎಳೆಯುವ ಒಂದು ಸಾಧನಕ್ಕೆ ‘ನೀ ಕಿಕ್ಕರ್’ ಎಂದು ಹೆಸರು. ಅದರ ಹಲ್ಲುಗಳನ್ನು ಕಾರ್ಪೆಟ್ಟಿಗೆ ಊರಿ, ಹಿಂಬದಿಯ ಮೆತ್ತೆಗೆ ಮೊಣಕಾಲಿನಿಂದ ಗುದ್ದಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1990ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಆ ದೇಶದ ದುಡಿಯುವವರಲ್ಲಿ ಕಾರ್ಪೆಟ್ ಹಾಸುವವರು ಶೇಕಡ 0.06ಕ್ಕಿಂತ ಕಡಿಮೆ, ಆದರೆ ಮೊಣಕಾಲಿನ ಪೆಟ್ಟಿಗೆ ಪರಿಹಾರ ಕೋರಿದವರಲ್ಲಿ ಅವರು ಶೇಕಡ 6.2. ಗೋಡೆಯಿಂದ ಗೋಡೆಗೆ ಊರುವ ಉದ್ದ ಕೋಲಿನ ‘ಪವರ್ ಸ್ಟ್ರೆಚರ್’ ಬಳಸಿದರೆ ಮೊಣಕಾಲು ಉಳಿಯುತ್ತದೆ, ಆದರೆ ಅದು ದುಬಾರಿ, ಹೊಂದಿಸಲು ಹೊತ್ತೂ ಬೇಕು. ಯುವಕನ ಬಳಿ ಇರುವುದು ಮೊದಲನೆಯದು. ಪ್ಯಾಂಟು ಮೇಲೆತ್ತಿ ತನ್ನ ಬಲಗಾಲಿನ ಗಂಟನ್ನು ತೋರಿಸಿದ. ಮೂವತ್ತು ವರ್ಷ ಮೊಣಕಾಲೂರಿ ಪ್ರಾರ್ಥಿಸಿದ ನನ್ನ ಕಾಲಿನಲ್ಲಿ ಅಂಥ ಗಂಟಿಲ್ಲ.

ಅಂದು ಸಂಜೆಯವರೆಗೆ ನಾವಿಬ್ಬರೂ ಶೆಡ್ಡಿನಲ್ಲಿ ಕುಳಿತು ಮಾತಾಡಿದೆವು. ನಾನು ಹೇಳಿದ್ದು ಕಡಿಮೆ. ಒಣಗುವವರೆಗೆ ಬಾಯಿ ತೆರೆಯಬೇಡ ಎಂದೆ, ಅಷ್ಟೆ. ಉಳಿದದ್ದನ್ನು ಅವನೇ ಯೋಚಿಸಿದ. ತೊಳೆಯುವ ಮೊದಲೇ ಮನೆಯವರ ಎದುರಿನಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆಯುವುದು, ಯಾವ ಹರಕು ಮೊದಲಿನದು, ಯಾವುದು ತನ್ನಿಂದಾದದ್ದು ಎಂಬ ಜಗಳ ಉಳಿಯಬಾರದು. ತನ್ನಿಂದಾದದ್ದಕ್ಕೆ ಕಾಸು ಕೇಳದಿರುವುದು. ಕೈಹೊಲಿಗೆಯನ್ನು ಊರಿನಲ್ಲಿ ಸೀರೆಗೆ ಫಾಲ್ಸ್ ಹೊಲಿಯುವ ಒಬ್ಬ ತಾಯಿಗೆ ಒಪ್ಪಿಸುವುದು, ಆ ಹೊಲಿಗೆಯ ದುಡ್ಡು ಪೂರ್ತಿ ಅವರದೇ. ರಾಮಿತಂದೆಯ ಅನ್ನದ ಚಿಂತೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೂ ಹೊಳೆದಿರಲಿಲ್ಲ. ದರವೆಷ್ಟು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಗೇಣಿಗಿಷ್ಟು ಎನ್ನಬೇಕೋ, ಗಂಟೆಗಿಷ್ಟು ಎನ್ನಬೇಕೋ ಎಂಬಲ್ಲಿ ಇಬ್ಬರೂ ಸೋತೆವು.

ಕೆಲವು ತಿಂಗಳ ನಂತರ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಅಲ್ಲಿ ಗಾಡಿ ನಿಲ್ಲಿಸಿದೆ. ಎರಡನೆಯ ಸಾಲಿಗೆ ಬಣ್ಣ ಬಂದಿತ್ತು. ಅದರ ಕೆಳಗೆ ಚಿಕ್ಕ ಅಕ್ಷರಗಳಲ್ಲಿ ಮೂರನೆಯದೊಂದು ಸಾಲು: ‘ಒಣಗಿದ ಮೇಲೆ ನೋಡಿ ಹೇಳಲಾಗುವುದು.’ ಅವನಿರಲಿಲ್ಲ. ಹಿಂದಿನ ದಿನ ತೊಳೆದ ಕಾರ್ಪೆಟ್ ನೋಡಿಬರಲು ಯಾವುದೋ ಹೋಂಸ್ಟೇಗೆ ಹೋಗಿದ್ದಾನೆಂದು ಅಪ್ಪ ಹೇಳಿದರು. ಶೆಡ್ಡಿನ ಹಗ್ಗದ ಮೇಲೆ ಛತ್ರದ ದೊಡ್ಡದೊಂದು ಜಮಖಾನೆ ಹರವಿತ್ತು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಒಂದು ಮೂಲೆಯಲ್ಲಿ, ಎಳೆ ಬಿಚ್ಚಿದ್ದ ಕಡೆ, ಗುರುತಿಗೆಂದು ಕೆಂಪು ದಾರ ಕಟ್ಟಿದ್ದರು.